ಬಾಲ್ಕನಿಯ ಸೀರಿಯಲ್ ಸೆಟ್, ಕಾರಿಡಾರಿನ ರಂಗೋಲಿ, ಬಾಗಿಲಿನ ತೋರಣ: ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಿಯಮ ಹೇಗಿದೆ?

ಬಿ-304 · ಸೆಪ್ಟೆಂಬರ್ 27, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳ ವಾರ್ಷಿಕ ಸಭೆಗೆ ನಾನು ಹತ್ತು ನಿಮಿಷ ತಡವಾಗಿ ಹೋದೆ. ಅಷ್ಟರೊಳಗೆ ನನ್ನನ್ನು ಅಸೋಸಿಯೇಷನ್ನಿನ ಕಾರ್ಯದರ್ಶಿ ಮಾಡಿ ಮುಗಿಸಿದ್ದರು. ಬೆಂಗಳೂರಿನಲ್ಲಿ 84 ಮನೆಗಳ, ಏಳು ಮಹಡಿಯ ಕಟ್ಟಡ ನಮ್ಮದು. ಟ್ಯಾಂಕರ್ ನೀರು, ಪಾರ್ಕಿಂಗ್, ಬೀದಿನಾಯಿ ಎಲ್ಲವೂ ಹೇಗೋ ಸಾಗುತ್ತಿವೆ. ಈಗ ದೀಪಾವಳಿ ಹತ್ತಿರ ಬಂದಿದೆ, ಜಗಳಗಳೂ ಹತ್ತಿರ ಬಂದಿವೆ.

ಕಳೆದ ವರ್ಷ ಐದನೇ ಮಹಡಿಯವರು ಬಾಲ್ಕನಿಯಿಂದ ಇಳಿಬಿಟ್ಟ ಸೀರಿಯಲ್ ಸೆಟ್ ನಾಲ್ಕನೇ ಮಹಡಿಯವರ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬಂದಿತ್ತು. ಹತ್ತೊಂಬತ್ತು ರಾತ್ರಿ ಅದು ಕೆಂಪು, ಹಸಿರು, ನೀಲಿ ಎಂದು ಮಿಣುಕಿತು. ಇಪ್ಪತ್ತನೇ ರಾತ್ರಿ ನಾಲ್ಕನೇ ಮಹಡಿಯವರು ಕತ್ತರಿ ತಂದು ಕತ್ತರಿಸಿಬಿಟ್ಟರು. ಆ ಎರಡು ಮನೆಯವರು ಇವತ್ತಿಗೂ ಒಂದೇ ಲಿಫ್ಟಿನಲ್ಲಿ ಹೋಗುವುದಿಲ್ಲ. ಅದೇ ಹಬ್ಬದಲ್ಲಿ ಕಾರಿಡಾರಿನ ನಡುವೆ ಹಾಕಿದ್ದ ದೊಡ್ಡ ರಂಗೋಲಿಯ ಪುಡಿಯ ಮೇಲೆ ಕಾಲಿಟ್ಟು ಹಿರಿಯರೊಬ್ಬರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇನ್ನೊಬ್ಬರು ಲಿಫ್ಟ್ ಪಕ್ಕದ ಸಾಕೆಟ್ಟಿನಿಂದ ತಮ್ಮ ಬಾಗಿಲಿನ ದೀಪಗಳಿಗೆ ಕರೆಂಟ್ ಎಳೆದಿದ್ದರು. ಅದರ ಬಿಲ್ಲು ನಮ್ಮೆಲ್ಲರ ಪಾಲಿಗೆ.

ಇದೆಲ್ಲವನ್ನೂ ಮುಂದಿಟ್ಟುಕೊಂಡು ಸಮಿತಿಯ ಇಬ್ಬರು ಕರಡೊಂದನ್ನು ಬರೆದಿದ್ದಾರೆ. ಬಾಗಿಲಿನಿಂದ ಹೊರಗೆ ಯಾವ ಅಲಂಕಾರವೂ ಕೂಡದು. ಬಾಲ್ಕನಿಯಲ್ಲಿ ಬಿಳಿ ದೀಪ ಮಾತ್ರ. ಐದು ದಿನ ಮಾತ್ರ. ತಪ್ಪಿದರೆ 1000 ರೂಪಾಯಿ ದಂಡ.

ನನ್ನ ಅತ್ತೆ ಅದನ್ನು ಓದಿ, "ಹಾಗಾದರೆ ಹೊಸ್ತಿಲಿಗೆ ಎರಡು ಎಳೆ ಎಳೆಯುವುದಕ್ಕೂ ಇನ್ನು ನಿನ್ನ ಅಪ್ಪಣೆ ಬೇಕೇನಮ್ಮ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಅಕ್ಟೋಬರ್ 5ರ ಭಾನುವಾರ ಸರ್ವಸದಸ್ಯರ ಸಭೆ ಇದೆ. ನಿಮ್ಮಲ್ಲಿ ಏನು ಮಾಡಿದ್ದೀರಿ, ಏನು ಕೆಟ್ಟಿತು, ತಿಳಿಸಿ.

ಎರಡು ಸಲ ಸೆಕ್ರೆಟರಿ · ಸೆಪ್ಟೆಂಬರ್ 27, ರಾತ್ರಿ 10.35

ಮೇಡಂ, ಸಭೆಗೆ ತಡವಾಗಿ ಬಂದವರ ತಲೆಗೆ ಕಾರ್ಯದರ್ಶಿ ಸ್ಥಾನ ಕಟ್ಟುವುದು ಎಲ್ಲ ಕಡೆಯ ಪದ್ಧತಿ. ನಾನು ಎರಡು ಸಲ ತಡವಾಗಿ ಹೋದವನು.

ಮೊದಲು ನಿಮ್ಮ ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ಓದಿ. ನಿಮ್ಮದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಕೆಳಗೆ ಆದ ಸಂಘವೋ, 1960ರ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ಆದದ್ದೋ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಎರಡೂ ಬಗೆಯವು ಇವೆ. 1972ರ ಕಾಯಿದೆಯ ತಿರುಳು ಸರಳ: ಕಾರಿಡಾರ್, ಮೆಟ್ಟಿಲು, ಲಿಫ್ಟ್, ಟೆರೇಸ್ ಎಲ್ಲರ ಅವಿಭಜಿತ ಸ್ವತ್ತು. ಯಾವ ಉದ್ದೇಶಕ್ಕೆ ಇವೆಯೋ ಆ ಉದ್ದೇಶಕ್ಕೆ, ಉಳಿದವರ ಹಕ್ಕಿಗೆ ಅಡ್ಡಿಯಾಗದ ಹಾಗೆ ಬಳಸಬೇಕು. ಕಾರಿಡಾರ್ ಇರುವುದು ನಡೆಯುವುದಕ್ಕೆ. ನಡೆಯಲು ಅಡ್ಡಿಯಾದರೆ ತಡೆಯುವ ಅಧಿಕಾರ ನಿಮಗಿದೆ. ಕಣ್ಣಿಗೆ ಹಿತವಾಗಲಿಲ್ಲ ಎಂದು ತಡೆಯಲು ಹೋದರೆ ಸಭೆಯಲ್ಲಿ ಉತ್ತರ ಕೊಟ್ಟು ಸುಸ್ತಾಗುತ್ತೀರಿ.

ದಂಡದ ವಿಷಯ. ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆ ಪಡೆದು ಬೈಲಾಕ್ಕೆ ಸೇರಿಸದ ದಂಡವನ್ನು ವಸೂಲಿ ಮಾಡಲು ಹೊರಡಬೇಡಿ. ವಾಟ್ಸಾಪಿನಲ್ಲಿ ಹರಿಯಬಿಟ್ಟ ಸುತ್ತೋಲೆ ಬೈಲಾ ಆಗುವುದಿಲ್ಲ. ನೀರು ನಿಲ್ಲಿಸುತ್ತೇವೆ ಎಂಬ ಬೆದರಿಕೆಯಂತೂ ಬೇಡವೇ ಬೇಡ.

ಬಿಳಿ ದೀಪ ಮಾತ್ರ ಎಂಬ ಸಾಲನ್ನು ಇವತ್ತೇ ಹೊಡೆದುಹಾಕಿ. ನನ್ನ ಮೊದಲ ಅವಧಿಯಲ್ಲಿ ನಾನೂ ಅದನ್ನೇ ಬರೆದಿದ್ದೆ. ಒಬ್ಬರು ಹಳದಿ ಮಿಶ್ರಿತ ಬಿಳಿ ಹಾಕಿದರು, ಇನ್ನೊಬ್ಬರು ನೀಲಿ ಮಿಶ್ರಿತ ಬಿಳಿ. ಯಾವುದು ಬಿಳಿ ಎಂದು ತೀರ್ಮಾನಿಸಲು ನಾಲ್ಕು ಜನ ಗಂಡಸರು ರಾತ್ರಿ ಒಂಬತ್ತಕ್ಕೆ ಗೇಟಿನ ಹತ್ತಿರ ನಿಂತು ಕತ್ತು ಎತ್ತಿ ನೋಡುತ್ತಿದ್ದೆವು. ಆಗ ಎರಡನೇ ಮಹಡಿಯ ಅಜ್ಜಿ ಎಣ್ಣೆ ದೀಪ ಹಿಡಿದು ಹೊರಗೆ ಬಂದರು. "ಇದರ ಬೆಳಕು ಹಳದಿ ಇದೆ ನೋಡಿ ಸರ್, ಎಷ್ಟು ದಂಡ?" ಎಂದು ಕೇಳಿದರು.

ಕೆನೆಬಣ್ಣ · ಸೆಪ್ಟೆಂಬರ್ 28, ಬೆಳಿಗ್ಗೆ 7.15

ಬಿಳಿ ದೀಪದ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ. ಕಟ್ಟಡಕ್ಕೆ ಒಂದು ಹೊರನೋಟ ಎಂಬುದು ಇರುತ್ತದೆ. ಎಲ್ಲರೂ ಒಂದೇ ಬಣ್ಣ ಹಾಕಿದರೆ ರಸ್ತೆಯಿಂದ ನೋಡುವಾಗ ಅರಮನೆಯ ಹಾಗೆ ಕಾಣುತ್ತದೆ. ಒಬ್ಬೊಬ್ಬರು ಒಂದೊಂದು ಬಣ್ಣ ಹಾಕಿ, ಒಂದು ಓಡುವುದು, ಒಂದು ಮಿಣುಕುವುದು, ಒಂದು ಅರ್ಧ ಕೆಟ್ಟು ನೇತಾಡುವುದು ಆದರೆ ಸಂತೆಯ ಹಾಗೆ ಕಾಣುತ್ತದೆ. ಮನೆ ಮಾರಲು ಹೊರಟವರಿಗೆ ಇದರ ಬೆಲೆ ಗೊತ್ತು. ರುಚಿ ಎಂಬುದನ್ನು ಪೂರ್ತಿ ಬಿಟ್ಟುಕೊಡಬೇಕೇ?

ಎರಡು ಸಲ ಸೆಕ್ರೆಟರಿ · ಸೆಪ್ಟೆಂಬರ್ 28, ಬೆಳಿಗ್ಗೆ 8.02

ಮೈಸೂರು ಅರಮನೆಗೆ ಒಬ್ಬರೇ ಮಾಲೀಕರಿದ್ದರು ಸರ್. ಇಲ್ಲಿ 84 ಜನ.

ಹುಬ್ಬಳ್ಳಿ ಸೊಸೆ · ಸೆಪ್ಟೆಂಬರ್ 28, ಬೆಳಿಗ್ಗೆ 11.20

"ಬಾಗಿಲಿನಿಂದ ಹೊರಗೆ ಯಾವ ಅಲಂಕಾರವೂ ಕೂಡದು" ಎಂದು ಬರೆದವರಿಗೆ ಬಲಿಪಾಡ್ಯಮಿ ಗೊತ್ತಿಲ್ಲ ಎನಿಸುತ್ತದೆ. ನಮ್ಮ ಕಡೆ ಅವತ್ತು ಬೆಳಿಗ್ಗೆ ಸಗಣಿಯಿಂದ ಪಾಂಡವರನ್ನು ಮಾಡುತ್ತೇವೆ. ಹಟ್ಟಿಲಕ್ಕವ್ವ ಎಂದೂ ಕರೆಯುತ್ತಾರೆ. ಮುಷ್ಟಿ ಗಾತ್ರದ ಸಗಣಿ ಉಂಡೆಯನ್ನು ಮೇಲೆ ಚೂಪು ಮಾಡಿ, ಚೆಂಡುಹೂವು ಮತ್ತು ಉತ್ತರಾಣಿ ಕಡ್ಡಿ ಸಿಕ್ಕಿಸಿ, ಅರಿಶಿನ ಕುಂಕುಮ ಇಟ್ಟು, ಹೊಸ್ತಿಲಿನ ಎರಡೂ ಬದಿಗೆ ಕೂರಿಸಬೇಕು. ಹೊಸ್ತಿಲಿಗೇ ಕೂರಿಸಬೇಕು. ಟಿ.ವಿ. ಸ್ಟ್ಯಾಂಡಿನ ಮೇಲೆ ಇಟ್ಟರೆ ಅವರು ಪಾಂಡವರಲ್ಲ, ಬರೀ ಸಗಣಿ.

ಮೂರು ವರ್ಷದ ಹಿಂದೆ ಇಲ್ಲಿಗೆ ಬಂದ ಮೊದಲ ಹಬ್ಬದಲ್ಲಿ ಹಾಲಿನವರ ಹತ್ತಿರ ಹೇಳಿ ಸಗಣಿ ತರಿಸಿ, ನಸುಕಿನಲ್ಲಿ ಎದ್ದು ಇಟ್ಟೆ. ಒಂಬತ್ತು ಗಂಟೆಗೆ ಹೌಸ್‌ಕೀಪಿಂಗ್‌ನವರು ಯಾವುದೋ ನಾಯಿ ಮಾಡಿದ ಗಲೀಜು ಎಂದುಕೊಂಡು ಫಿನಾಯಿಲ್ ಹಾಕಿ ಒರೆಸಿಬಿಟ್ಟಿದ್ದರು. ಚೆಂಡುಹೂವು ಕಸದ ಬುಟ್ಟಿಯಲ್ಲಿತ್ತು. ಅವರದೇನೂ ತಪ್ಪಿಲ್ಲ, ಯಾರೂ ಅವರಿಗೆ ಹೇಳಿರಲಿಲ್ಲ. ಆದರೂ ಅವತ್ತು ಹೋಳಿಗೆ ಲಟ್ಟಿಸುತ್ತಾ ನಾನು ಅತ್ತುಬಿಟ್ಟೆ.

ಈಗ ಬಾಳೆ ಎಲೆಯ ಮೇಲೆ ಇಡುತ್ತೇನೆ. ಅದರ ಪಕ್ಕ "ಪೂಜೆ, ಸಂಜೆ ನಾವೇ ತೆಗೆಯುತ್ತೇವೆ" ಎಂದು ಬರೆದ ಚೀಟಿ. ಎದುರು ಮನೆಯ ಹುಡುಗಿ ಫೋಟೋ ತೆಗೆದುಕೊಂಡು ಹೋಗುತ್ತಾಳೆ. ಊರಲ್ಲಿ ಆಮೇಲೆ ಮಾಳಿಗೆಯ ಮೇಲೆ ಇಡುತ್ತಿದ್ದೆವು, ಇಲ್ಲಿ ಸಂಪಿಗೆ ಗಿಡದ ಬುಡಕ್ಕೆ. ಅಕ್ಕಾ, ಹೊಸ್ತಿಲಿನ ಪಕ್ಕ ಎರಡು ಗೇಣು ಜಾಗವನ್ನಾದರೂ ಮನೆಯವರಿಗೆ ಬಿಟ್ಟುಕೊಡಿ.

ಕರೆಂಟ್ ರಾಯರು · ಸೆಪ್ಟೆಂಬರ್ 28, ಮಧ್ಯಾಹ್ನ 3.40

ಬಣ್ಣ, ಸಗಣಿ ಎಲ್ಲವೂ ಇರಲಿ. ಉರಿಯುತ್ತಿರುವ ಸೀರಿಯಲ್ ಸೆಟ್ಟನ್ನು ಕತ್ತರಿಯಿಂದ ಕತ್ತರಿಸಿದ ಆ ನಾಲ್ಕನೇ ಮಹಡಿಯ ಮಹಾನುಭಾವರಿಗೆ ನನ್ನ ದೊಡ್ಡ ನಮಸ್ಕಾರ ತಲುಪಿಸಿ. ಅವರು ಬದುಕಿರುವುದೇ ಈ ಚರ್ಚೆಯ ಮುಖ್ಯ ಸುದ್ದಿ. ನಾನು ವಿದ್ಯುತ್ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆಯ ಮಾದರಿಯ ಸೀರಿಯಲ್ ಸೆಟ್ ಎಂದರೆ ಒಂದರ ಹಿಂದೆ ಒಂದು ಪೋಣಿಸಿದ ಬಲ್ಬುಗಳು. 230 ವೋಲ್ಟನ್ನು ನಲವತ್ತು ಬಲ್ಬುಗಳಿಗೆ ಹಂಚಿದರೆ ಒಂದೊಂದಕ್ಕೆ ಆರು ವೋಲ್ಟಿನ ಆಸುಪಾಸು ಬರುತ್ತದೆ. ಅದನ್ನು ನೋಡಿ ಜನ, ಇದು ಆರು ವೋಲ್ಟ್ ತಾನೇ, ಏನಾಗುತ್ತದೆ ಎನ್ನುತ್ತಾರೆ. ಆಗುವುದು ಹೀಗೆ. ಒಂದು ಬಲ್ಬು ಹೋದರೆ ಇಡೀ ಸರ ಕತ್ತಲಾಗುತ್ತದೆ. ಕರೆಂಟ್ ಇಲ್ಲ ಎಂದುಕೊಂಡು ನೀವು ಆ ಬಲ್ಬನ್ನು ಕಿತ್ತು ಖಾಲಿ ಹೋಲ್ಡರಿಗೆ ಬೆರಳು ತಾಗಿಸುತ್ತೀರಿ. ಆ ಕ್ಷಣಕ್ಕೆ ಅಲ್ಲಿ ಆರು ವೋಲ್ಟ್ ಇರುವುದಿಲ್ಲ, ಪೂರ್ತಿ 230 ಇರುತ್ತದೆ. ಕತ್ತಲಾದ ಸರವೇ ಉರಿಯುವ ಸರಕ್ಕಿಂತ ಅಪಾಯ.

ಇನ್ನು ಕೆಟ್ಟ ಬಲ್ಬು ತೆಗೆದು ಎರಡು ತಂತಿ ತಿರುಚಿ ಜೋಡಿಸುವ ಮನೆಮದ್ದು. ಹಾಗೆ ಹತ್ತು ಬಲ್ಬು ತೆಗೆದರೆ ಉಳಿದ ಮೂವತ್ತಕ್ಕೆ ತಲಾ ಏಳೂವರೆ ವೋಲ್ಟಿಗಿಂತ ಹೆಚ್ಚು. ಬೆಳಕು ಜೋರಾಗುತ್ತದೆ, ಮನೆಯವರು ಖುಷಿ ಪಡುತ್ತಾರೆ. ಬಲ್ಬು ಬಿಸಿಯಾಗಿ, ಪಕ್ಕದ ಪ್ಲಾಸ್ಟಿಕ್ ಹೂವಿನ ಮಾಲೆ ಬಾಡಲು ಶುರುವಾಗುತ್ತದೆ. ಪ್ಲಾಸ್ಟಿಕ್ ಹೂವು ಬಾಡುವುದನ್ನು ಎಲ್ಲಾದರೂ ಕಂಡರೆ ಮೊದಲು ಸ್ವಿಚ್ ಆರಿಸಿ.

ಎಲ್‌ಇಡಿ ಸರಗಳು ಕರೆಂಟನ್ನು ಬಹಳ ಕಡಿಮೆ ತಿನ್ನುತ್ತವೆ, ಬಿಸಿಯೂ ಅಷ್ಟಿಲ್ಲ. ಆದರೆ ಅಗ್ಗದ ಎಲ್‌ಇಡಿ ಸರವೂ ನೇರವಾಗಿ 230 ವೋಲ್ಟಿನ ಮೇಲೆಯೇ ನಡೆಯುತ್ತದೆ. ಬಾಲ್ಕನಿಗೆ ಹಾಕುವುದಾದರೆ ಅಡಾಪ್ಟರ್ ಇರುವ ಕಡಿಮೆ ವೋಲ್ಟೇಜಿನ ಸರ ಕೊಳ್ಳಿ, ಅಡಾಪ್ಟರ್ ಮನೆಯೊಳಗೆ ಇರಲಿ. ದೀಪಾವಳಿಯ ಹೊತ್ತಿಗೆ ಬೆಂಗಳೂರಿನಲ್ಲಿ ಮಳೆ ಬರುವುದು ಅಪರೂಪವಲ್ಲ. ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆ ಮಳೆಗೆ ನಿಲ್ಲುವುದಿಲ್ಲ. ಸರವನ್ನು ಸ್ಟೀಲ್ ರೇಲಿಂಗಿಗೆ ಕಬ್ಬಿಣದ ಬೈಂಡಿಂಗ್ ತಂತಿಯಿಂದ ಕಟ್ಟಬೇಡಿ. ಗಾಳಿಗೆ ಅದು ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸುಲಿಯುತ್ತದೆ. ಬೆಳಿಗ್ಗೆ ಒದ್ದೆ ಬಟ್ಟೆ ಒಣಹಾಕಲು ಬಂದವರು ರೇಲಿಂಗ್ ಮುಟ್ಟುತ್ತಾರೆ. ಹತ್ತಿಯ ದಾರ ಸಾಕು.

ನಿಯಮದಲ್ಲಿ ಏನಾದರೂ ಒಂದು ಸಾಲು ಬರೆಯುವುದಾದರೆ ಇದನ್ನು ಬರೆಯಿರಿ: ಅಲಂಕಾರದ ದೀಪವು 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವ ಮನೆಯ ಸರ್ಕಿಟ್ಟಿನಿಂದಲೇ ಬರಬೇಕು. ಆರ್‌ಸಿಸಿಬಿ ಎಂದರೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್. ಅದರ ಮೇಲೆ ಪರೀಕ್ಷೆಗೆಂದು 'ಟಿ' ಎಂಬ ಗುಂಡಿ ಇದೆ. ಮನೆ ಕೊಂಡ ಮೇಲೆ ಅದನ್ನು ಒಮ್ಮೆಯಾದರೂ ಒತ್ತಿ ನೋಡಿದವರು ಕೈ ಎತ್ತಿ.

ಬಿ-304 · ಸೆಪ್ಟೆಂಬರ್ 28, ಸಂಜೆ 6.10

ರಾಯರೇ, ಈಗ ಎದ್ದು ಹೋಗಿ ಒತ್ತಿದೆ. ಮನೆಯೆಲ್ಲ ಕತ್ತಲಾಯಿತು. ಅತ್ತೆಯ ಧಾರಾವಾಹಿ ನಿಂತಿತು. ನನಗೆ ಕೆಲಸ ಮಾಡುತ್ತಿದೆ ಎಂಬ ಸಮಾಧಾನ, ಅವರಿಗೆ ಅರ್ಥವಾಗದ ಸಿಟ್ಟು.

ಕೊನೇ ಮಹಡಿ · ಸೆಪ್ಟೆಂಬರ್ 28, ರಾತ್ರಿ 9.05

ಬೆಂಕಿಯ ವಿಷಯವನ್ನು ಯಾರೂ ಎತ್ತಲಿಲ್ಲ, ನೀರಿನ ಮೂಲಕ ಎತ್ತುತ್ತೇನೆ.

ನಾನು ಮೊದಲು ಇದ್ದ ಹದಿನಾಲ್ಕು ಮಹಡಿಯ ಕಟ್ಟಡದ ಕಾರಿಡಾರಿನಲ್ಲಿ ಸ್ಪ್ರಿಂಕ್ಲರ್ ಇತ್ತು. ಸೀಲಿಂಗಿನಿಂದ ಕೆಳಗೆ ಇಣುಕುವ ಪುಟ್ಟ ಹಿತ್ತಾಳೆಯ ತಲೆ, ಅದರ ನಡುವೆ ಕಡ್ಡಿಯಂಥ ಕೆಂಪು ಗಾಜಿನ ಬಲ್ಬು. 68 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಆ ಗಾಜು ಒಡೆದು ನೀರು ನುಗ್ಗುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ಅದು ತೋರಣ ಕಟ್ಟಲೆಂದೇ ದೇವರು ಕೊಟ್ಟ ಕೊಕ್ಕೆ. ಯುಗಾದಿಯ ದಿನ ಒಬ್ಬರು ಮಾವಿನ ತೋರಣದ ದಾರವನ್ನು ಅದಕ್ಕೆ ಬಿಗಿದರು. ಮೂರನೇ ದಿನ ಒಣಗಿದ ತೋರಣವನ್ನು ಎಳೆದು ತೆಗೆಯುವಾಗ ಗಾಜು ಒಡೆಯಿತು. ಪೈಪಿನಲ್ಲಿ ವರ್ಷಗಟ್ಟಲೆ ನಿಂತ ನೀರು ಕಪ್ಪಗೆ, ತುಕ್ಕಿನ ವಾಸನೆ ಹೊಡೆಯುತ್ತಾ ಸುರಿಯಿತು. ವಾಲ್ವ್ ಎಲ್ಲಿದೆ ಎಂದು ಸೆಕ್ಯುರಿಟಿಯವರಿಗೆ ಗೊತ್ತಿರಲಿಲ್ಲ. ನೀರು ಲಿಫ್ಟಿನ ತಳದ ಹಳ್ಳಕ್ಕೆ ಇಳಿಯಿತು, ಎರಡು ಲಿಫ್ಟ್ ಒಂದು ವಾರ ನಿಂತವು. ಮಾವಿನ ಎಲೆಗೆ ಕೊಟ್ಟದ್ದು ಇಪ್ಪತ್ತು ರೂಪಾಯಿ.

ಇನ್ನೊಂದು, ಮೆಟ್ಟಿಲಿನ ಬೆಂಕಿತಡೆ ಬಾಗಿಲು. ಅದು ತಾನಾಗಿ ಮುಚ್ಚಿಕೊಳ್ಳಬೇಕು, ಹೊಗೆ ಮೆಟ್ಟಿಲಿಗೆ ಬಾರದಂತೆ ತಡೆಯುವುದೇ ಅದರ ಕೆಲಸ. ಹಬ್ಬದಲ್ಲಿ ಅದರ ಸಂದಿಯಿಂದ ವೈರ್ ಎಳೆದು, ಬಾಗಿಲು ಮುಚ್ಚದಂತೆ ಹೂಕುಂಡ ಅಡ್ಡ ಇಡುತ್ತಾರೆ. ಕೆಳಗೆ ಸಾಲು ಎಣ್ಣೆ ದೀಪ, ಪಕ್ಕದಲ್ಲಿ ಚಪ್ಪಲಿ ಸ್ಟ್ಯಾಂಡು, ಅದರ ಮೇಲೆ ಹಳೆಯ ಪೇಪರು. ಹಾಗಾಗಿ ನಿಮ್ಮ ಕರಡಿನಲ್ಲಿ ಮೊದಲು ಬರಬೇಕಾದದ್ದು ಚಪ್ಪಲಿ ಸ್ಟ್ಯಾಂಡು, ರಂಗೋಲಿಯಲ್ಲ. ರಂಗೋಲಿ ಹತ್ತಿ ಉರಿದದ್ದನ್ನು ನಾನು ಕಂಡಿಲ್ಲ.

ಬಾಡಿಗೆ ಮನೆ · ಸೆಪ್ಟೆಂಬರ್ 29, ಬೆಳಿಗ್ಗೆ 8.30

ಒಂದು ಪ್ರಶ್ನೆ. ಸಭೆಗೆ ಬಾಡಿಗೆದಾರರನ್ನು ಕರೆಯುತ್ತೀರಾ? ನಮ್ಮಲ್ಲಿ ಮುಕ್ಕಾಲು ಪಾಲು ಮಾಲೀಕರು ಬೇರೆ ಊರಿನಲ್ಲಿದ್ದಾರೆ. ದೀಪ ಹಚ್ಚುವವರು ನಾವು, ಓಟು ಹಾಕುವವರು ಅವರು. ಕಳೆದ ರಂಜಾನ್‌ನಲ್ಲಿ ನಾನು ಬಾಗಿಲ ಮೇಲೆ ಚಂದ್ರ ಮತ್ತು ನಕ್ಷತ್ರದ ಪುಟ್ಟ ದೀಪ ಹಾಕಿದ್ದೆ. ತೆಗೆಯಿರಿ ಎಂದು ನನಗೆ ಯಾರೂ ಹೇಳಲಿಲ್ಲ. ಪುಣೆಯಲ್ಲಿರುವ ನನ್ನ ಮನೆಮಾಲೀಕರಿಗೆ ಫೋನ್ ಹೋಯಿತು. ಅವರು ನನಗೆ ಫೋನ್ ಮಾಡಿ, ಏನಪ್ಪಾ ಗಲಾಟೆ ಎಂದರು. ಗಲಾಟೆ ಏನೂ ಇರಲಿಲ್ಲ, ಮೂರು ವ್ಯಾಟಿನ ದೀಪ ಇತ್ತು.

ಐದು ದಿನ ಎಂದು ಬರೆದರೆ ಮೂವತ್ತು ದಿನದ ರಂಜಾನಿಗೆ ಏನು ಮಾಡಬೇಕು ಎಂದು ಕೇಳಿದರೆ ನಾನು ವಿಶೇಷ ಸೌಲಭ್ಯ ಕೇಳಿದ ಹಾಗೆ ಕಾಣುತ್ತದೆ. ಅದಕ್ಕೇ ಕೇಳುತ್ತಿಲ್ಲ. ನೀವೇ ಯೋಚಿಸಿ.

ಹುಬ್ಬಳ್ಳಿ ಸೊಸೆ · ಸೆಪ್ಟೆಂಬರ್ 29, ಬೆಳಿಗ್ಗೆ 9.10

ನೀವು ಕೇಳಬೇಕಾಗಿಲ್ಲ ಅಣ್ಣಾ, ನಾನೇ ಕೇಳುತ್ತೇನೆ. ಕಾರ್ತಿಕ ಮಾಸಪೂರ್ತಿ ಸಂಜೆ ಬಾಗಿಲಿಗೆ ದೀಪ ಇಡುವ ಮನೆಗಳಿವೆ. ದೀಪಾವಳಿಯಾಗಿ ಹನ್ನೆರಡನೇ ದಿನಕ್ಕೆ ತುಳಸಿ ಪೂಜೆ. ಐದು ದಿನದ ಲೆಕ್ಕ ನಮಗೇ ಸಾಲುವುದಿಲ್ಲ.

ಗೂಡುದೀಪ · ಸೆಪ್ಟೆಂಬರ್ 29, ಮಧ್ಯಾಹ್ನ 1.15

ನಾನು ಮಂಗಳೂರಿನವಳು, ಕ್ರೈಸ್ತಳು. ಡಿಸೆಂಬರ್ ಮೊದಲ ವಾರ ಕಟ್ಟಿದ ನಕ್ಷತ್ರ ಜನವರಿ 6ರ ಮೂವರು ರಾಯರ, ಅಂದರೆ ಬಾಲಯೇಸುವನ್ನು ನೋಡಲು ಬಂದ ಅರಸರ, ಹಬ್ಬದವರೆಗೆ ಇರುತ್ತದೆ. ಮನೆಯೊಳಗೆ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ನಮ್ಮೂರಿನಲ್ಲಿ ದೀಪಾವಳಿಯ ಗೂಡುದೀಪ ಮತ್ತು ಕ್ರಿಸ್ಮಸ್ ನಕ್ಷತ್ರ ಎರಡನ್ನೂ ಒಂದೇ ಅಂಗಡಿಯಿಂದ ತರುತ್ತಿದ್ದೆವು. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಅಂಟಿಗೆ ಮೈದಾ ಗಂಜಿ. ಕುದ್ರೋಳಿಯ ಗೂಡುದೀಪ ಸ್ಪರ್ಧೆ ನೋಡಿದವರಿಗೆ ಗೊತ್ತು, ಭತ್ತ, ಬೇಳೆ, ತೆಂಗಿನ ಗರಿಯಲ್ಲೂ ಗೂಡುದೀಪ ಮಾಡುವವರಿದ್ದಾರೆ. ಬಿಳಿ ಮಾತ್ರ ಎಂದರೆ ಕೆಂಪು ಕಾಗದದ ಒಳಗೆ ಬಿಳಿ ಬಲ್ಬು ಹಾಕಿದರೆ ಅದು ಯಾವ ಬಣ್ಣ ಸ್ವಾಮಿ?

ಥರ್ಮೋಕೋಲ್ ಕಮಾನನ್ನು ಲಾಬಿಯಲ್ಲಿ ನಿಲ್ಲಿಸುವವರಿಗೆ ಒಂದು ಮಾತು. 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್, ಬಾವುಟಗಳನ್ನು ನಿಷೇಧಿಸಿದೆ. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಅಲಂಕಾರದ ಥರ್ಮೋಕೋಲ್ ನಿಷೇಧವಾಗಿದೆ. ಇದನ್ನು ಯಾವ ಅಸೋಸಿಯೇಷನ್ನೂ ಸಭೆ ಕರೆದು ತೀರ್ಮಾನಿಸಬೇಕಾಗಿಲ್ಲ, ಆಗಲೇ ತೀರ್ಮಾನವಾಗಿದೆ. ನವೆಂಬರ್ 1ಕ್ಕೆ ಗೇಟಿನಿಂದ ಗೇಟಿಗೆ ಕಟ್ಟುವ ಹಳದಿ ಕೆಂಪು ಪ್ಲಾಸ್ಟಿಕ್ ಬಾವುಟದ ಮಾಲೆಗೂ ಇದು ಅನ್ವಯಿಸುತ್ತದೆ. ಬಟ್ಟೆಯದು ಕಟ್ಟಿ, ಮುಂದಿನ ವರ್ಷಕ್ಕೂ ಬರುತ್ತದೆ.

ಟೆಕ್ಸಾಸ್ ತುಳಸಿ · ಸೆಪ್ಟೆಂಬರ್ 29, ರಾತ್ರಿ 8.45

ಡಲ್ಲಾಸ್ ಹತ್ತಿರದ ಬಡಾವಣೆಯಲ್ಲಿದ್ದೇನೆ. ಇಲ್ಲಿ ಎಚ್‌ಒಎ ಎಂಬ ಮನೆಮಾಲೀಕರ ಸಂಘ ಹುಲ್ಲಿನ ಎತ್ತರವನ್ನೂ ಅಳೆಯುತ್ತದೆ. ನಮ್ಮ ಸಂಘದ ನಿಯಮದಲ್ಲಿ, ಹಬ್ಬದ ದೀಪ ಥ್ಯಾಂಕ್ಸ್‌ಗಿವಿಂಗ್‌ನಿಂದ ಜನವರಿ ಮಧ್ಯದವರೆಗೆ ಎಂದಿತ್ತು. ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ. ದೀಪಾವಳಿ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ನಾನು ದೀಪ ಹಾಕಿದ ಮೂರನೇ ದಿನಕ್ಕೆ ನೋಟಿಸ್ ಬಂತು. ಬರೆದವರಿಗೆ ದ್ವೇಷವೇನೂ ಇರಲಿಲ್ಲ. ನಿಯಮ ಬರೆಯುವಾಗ ಅವರ ಕಣ್ಣ ಮುಂದೆ ಒಂದೇ ಹಬ್ಬ ಇತ್ತು, ಅಷ್ಟೇ.

ಟೆಕ್ಸಾಸಿನಲ್ಲಿ 2011ರಲ್ಲಿ ಒಂದು ಕಾನೂನು ಆಯಿತು. ಮನೆಬಾಗಿಲಿಗೆ ಧಾರ್ಮಿಕ ಚಿಹ್ನೆ ಹಾಕುವುದನ್ನು ಸಂಘ ತಡೆಯುವಂತಿಲ್ಲ ಎಂದು. ಆಗ 25 ಚದರ ಇಂಚು ಮೀರಬಾರದು ಎಂದಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ನಮ್ಮ ತೋರಣದ ಎರಡು ಎಲೆಗೆ ಸಾಕು. 2021ರಲ್ಲಿ ಅದನ್ನು ಸಡಿಲಿಸಿದರು. ಈಗ ಸ್ವಂತ ಜಾಗದಲ್ಲಿ ಹಾಕಬಹುದು. ಸಂಘದ ಸಾಮಾನ್ಯ ಜಾಗದಲ್ಲಿದ್ದರೆ ಅಥವಾ ಜನರ ಆರೋಗ್ಯಕ್ಕೆ, ಸುರಕ್ಷತೆಗೆ ಅಪಾಯವಾದರೆ ಸಂಘ ತಡೆಯಬಹುದು. ಕರೆಂಟ್ ರಾಯರೂ ಎರಡು ಸಲ ಸೆಕ್ರೆಟರಿಯವರೂ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ.

ದೀಪದ ಸರಕ್ಕೆ ಈ ಕಾನೂನು ಹಿಡಿದು ಜಗಳಕ್ಕೆ ನಾನು ಹೋಗಲಿಲ್ಲ. ಸಂಘದ ಸಭೆಗೆ ಒಂದು ಡಬ್ಬಿ ಚಕ್ಕುಲಿ ತೆಗೆದುಕೊಂಡು ಹೋಗಿ ಪಂಚಾಂಗದ ಲೆಕ್ಕ ವಿವರಿಸಿದೆ. ನಮ್ಮ ಹಬ್ಬದ ತಾರೀಖು ಪ್ರತಿವರ್ಷ ಓಡಾಡುತ್ತದೆ ಎಂಬುದೇ ಅವರಿಗೆ ನಂಬಲಾಗದ ಸಂಗತಿ. ಈಗ ಹಬ್ಬದ ಹೆಸರನ್ನೇ ತೆಗೆದು, ಯಾವುದೇ ಹಬ್ಬಕ್ಕೆ ಮೊದಲು ಮೂವತ್ತು ದಿನ, ನಂತರ ಹದಿನೈದು ದಿನ ಎಂದು ಬರೆದಿದ್ದಾರೆ. ಚಕ್ಕುಲಿಯ ಡಬ್ಬಿ ವಾಪಸ್ ಬಂದಿಲ್ಲ.

ರಾತ್ರಿ ಪಾಳಿ · ಸೆಪ್ಟೆಂಬರ್ 30, ಬೆಳಿಗ್ಗೆ 6.50

ಆಸ್ಪತ್ರೆಯಲ್ಲಿ ನರ್ಸ್. ಇದೀಗ ಮನೆಗೆ ಬಂದೆ. ನಿಮ್ಮ ನಾಲ್ಕನೇ ಮಹಡಿಯವರ ಕಷ್ಟ ನನಗೆ ಅರ್ಥವಾಗುತ್ತದೆ. ಸುಮ್ಮನೆ ಉರಿಯುವ ದೀಪಕ್ಕೆ ಪರದೆ ಹಾಕಿಕೊಂಡು ಮಲಗಬಹುದು, ಮಿಣುಕುವುದಕ್ಕೆ ಆಗುವುದಿಲ್ಲ. ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಬಡಿಯುತ್ತದೆ. ಎಷ್ಟು ದಿನ ಎಂದು ಲೆಕ್ಕ ಹಾಕುವ ಬದಲು ಎಷ್ಟು ಗಂಟೆಯವರೆಗೆ ಎಂದು ಬರೆಯಿರಿ. ಮಾರ್ಚ್ ಇರಲಿ, ಅಕ್ಟೋಬರ್ ಇರಲಿ, ಹತ್ತೂವರೆಗೆ ಹೊರಗಿನ ದೀಪ ಆರಲಿ. ಐವತ್ತು ದಿನ ಹಚ್ಚಿದರೂ ನನಗೇನೂ ತೊಂದರೆಯಿಲ್ಲ.

ಸದ್ದಿಗೆ ಕಾನೂನೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಪಟಾಕಿಗೆ 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯಂದು ರಾತ್ರಿ ಎಂಟರಿಂದ ಹತ್ತು ಎಂದು ಹೇಳಿತು, ಸರಪಟಾಕಿಯನ್ನು ನಿಷೇಧಿಸಿತು. ಬಟನ್ ಒತ್ತಿದರೆ ಮಂತ್ರ ಹೇಳುವ ತೋರಣ ಬಂದಿದೆ ನೋಡಿ, ಸೆನ್ಸರ್ ಇದೆ, ಬಾಗಿಲ ಮುಂದೆ ಯಾರು ನಡೆದರೂ ಶುರುವಾಗುತ್ತದೆ. ಅದನ್ನು ಕಂಡುಹಿಡಿದವರು ಒಮ್ಮೆ ನನ್ನ ಎದುರುಮನೆಯಲ್ಲಿ ಒಂದು ತಿಂಗಳು ಇದ್ದು ಹೋಗಲಿ. ಮಲಗುತ್ತೇನೆ.

ಕೆನೆಬಣ್ಣ · ಸೆಪ್ಟೆಂಬರ್ 30, ಬೆಳಿಗ್ಗೆ 9.30

ಹತ್ತೂವರೆ ಗಂಟೆಗೆ ಆರಿಸುವುದಾದರೆ ಬಣ್ಣದ ವಿಷಯ ಬಿಟ್ಟುಬಿಡುತ್ತೇನೆ. ಆದರೆ ಹಬ್ಬ ಮುಗಿದು ಮೂರು ತಿಂಗಳಾದರೂ ಒಣಗಿ ಕಪ್ಪಾದ ತೋರಣ, ಹರಿದ ಆಕಾಶಬುಟ್ಟಿ ನೇತಾಡುತ್ತಿರುತ್ತವಲ್ಲ, ಅದಕ್ಕಾದರೂ ಏನಾದರೂ ಬರೆಯಿರಿ. ಇದು ರುಚಿಯ ಮಾತಲ್ಲ. ನಮ್ಮಲ್ಲಿ ಕಳೆದ ಸಂಕ್ರಾಂತಿಗೆ ಕಟ್ಟಿದ ಕಬ್ಬಿನ ಜಲ್ಲೆ ಇನ್ನೂ ಇದೆ, ಇರುವೆಗಳ ಸಮೇತ.

ಎರಡು ಸಲ ಸೆಕ್ರೆಟರಿ · ಸೆಪ್ಟೆಂಬರ್ 30, ಬೆಳಿಗ್ಗೆ 9.41

ಇದಕ್ಕೆ ನನ್ನ ಪೂರ್ಣ ಬೆಂಬಲ. ಬಾವುಟಕ್ಕೂ ಇದೇ ಮಾತು. 2022ರ ಜುಲೈ ತಿದ್ದುಪಡಿಯ ನಂತರ ರಾಷ್ಟ್ರಧ್ವಜವನ್ನು ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು, ಆದರೆ ಹರಿದ, ಮಾಸಿದ ಧ್ವಜವನ್ನು ಹಾರಿಸುವಂತಿಲ್ಲ. ಆಗಸ್ಟ್‌ನಲ್ಲಿ ಬಾಲ್ಕನಿಗೆ ಕಟ್ಟಿ ಮರೆತವರು ದಯವಿಟ್ಟು ಒಮ್ಮೆ ಹೊರಗೆ ಬಂದು ನೋಡಿ.

ಬಿ-304 · ಅಕ್ಟೋಬರ್ 5, ರಾತ್ರಿ 10.20

ಸಭೆ ಮುಗಿಯಿತು. ಮೂರು ಗಂಟೆ ಹಿಡಿಯಿತು, ಅದರಲ್ಲಿ ಒಂದೂವರೆ ಗಂಟೆ ಚಪ್ಪಲಿ ಸ್ಟ್ಯಾಂಡಿಗೇ ಹೋಯಿತು. ಬಾಡಿಗೆದಾರರನ್ನೂ ಕರೆದಿದ್ದೆ. ಓಟು ಇಲ್ಲ, ಮಾತು ಇದೆ ಎಂದು ಸಭೆ ಒಪ್ಪಿತು. ಹನ್ನೊಂದು ಮನೆಯವರು ಬಂದಿದ್ದರು.

ಕೊನೆಗೆ ಉಳಿದದ್ದು ಇಷ್ಟು. ಕಾರಿಡಾರಿನಲ್ಲಿ ಗೋಡೆಯಿಂದ ಎರಡು ಅಡಿಯೊಳಗೆ, ಅವರವರ ಬಾಗಿಲಿನ ಅಗಲಕ್ಕೆ, ರಂಗೋಲಿ, ದೀಪ, ಪಾಂಡವರು, ಏನನ್ನಾದರೂ ಇಡಬಹುದು; ನಡುದಾರಿ ಖಾಲಿ ಇರಬೇಕು. ಎಣ್ಣೆ ದೀಪದ ಕೆಳಗೆ ತಟ್ಟೆ, ಮನೆಯವರು ಮಲಗುವ ಮೊದಲು ಆರಿಸುವುದು. ಸ್ಪ್ರಿಂಕ್ಲರ್ ನಮ್ಮಲ್ಲಿ ಇಲ್ಲ, ಆದರೆ ಬೆಂಕಿತಡೆ ಬಾಗಿಲಿಗೂ ಹೋಸ್ ಪೆಟ್ಟಿಗೆಗೂ ಏನನ್ನೂ ಕಟ್ಟುವಂತಿಲ್ಲ. ಕರೆಂಟ್ ಸ್ವಂತ ಮೀಟರಿನಿಂದ. ಬಾಲ್ಕನಿಯ ಸರ ರೇಲಿಂಗಿನಿಂದ ಕೆಳಗೆ ಇಳಿಯಬಾರದು, ರಾತ್ರಿ ಹತ್ತೂವರೆಗೆ ಆರಬೇಕು. ಹಬ್ಬ ಮುಗಿದು ಹದಿನೈದು ದಿನದೊಳಗೆ ಎಲ್ಲವನ್ನೂ ತೆಗೆಯಬೇಕು, ಹಬ್ಬ ಯಾವಾಗ ಮುಗಿಯಿತು ಎಂಬುದನ್ನು ಮನೆಯವರೇ ಹೇಳುತ್ತಾರೆ. ಬಣ್ಣದ ಸುದ್ದಿ ಇಲ್ಲ, ಹಬ್ಬದ ಹೆಸರಿಲ್ಲ. ದಂಡವನ್ನು ಮುಂದಿನ ವರ್ಷಕ್ಕೆ ನೋಡೋಣ ಎಂದು ಬಿಟ್ಟೆವು. ಮೊದಲು ಕಾರ್ಯದರ್ಶಿ ಬಾಗಿಲು ತಟ್ಟಿ ಹೇಳಬೇಕಂತೆ. ಅಂದರೆ ನಾನು.

ಕರೆಂಟ್ ರಾಯರು · ಅಕ್ಟೋಬರ್ 6, ಬೆಳಿಗ್ಗೆ 6.15

ಆರ್‌ಸಿಸಿಬಿ ಸಾಲು ಎಲ್ಲಿ ಹೋಯಿತು?

ಬಿ-304 · ಅಕ್ಟೋಬರ್ 6, ಬೆಳಿಗ್ಗೆ 7.00

ನಿಯಮವಾಗಿ ಬರೆದರೆ ಯಾರು ಪರೀಕ್ಷೆ ಮಾಡುವುದು ಎಂಬ ಪ್ರಶ್ನೆ ಬಂತು ರಾಯರೇ. ಅದರ ಬದಲು 18ರ ಶನಿವಾರ ಸಂಜೆ ಏಳಕ್ಕೆ ಎಲ್ಲ ಮನೆಯವರೂ ಒಟ್ಟಿಗೆ 'ಟಿ' ಗುಂಡಿ ಒತ್ತುವುದು ಎಂದು ತೀರ್ಮಾನವಾಗಿದೆ. ಧಾರಾವಾಹಿ ಇಲ್ಲದ ಹೊತ್ತು, ಅತ್ತೆಯೇ ಆರಿಸಿಕೊಟ್ಟರು.

ಬಿ-304 · ಅಕ್ಟೋಬರ್ 23, ಬೆಳಿಗ್ಗೆ 10.40

ಹಬ್ಬ ಆಯಿತು. 18ರ ಸಂಜೆ ಗುಂಡಿ ಒತ್ತಿದಾಗ ಒಂಬತ್ತು ಮನೆಗಳಲ್ಲಿ ಏನೂ ಆಗಲಿಲ್ಲ, ಕರೆಂಟ್ ಹೋಗಲೇ ಇಲ್ಲ. ಆ ಒಂಬತ್ತರಲ್ಲಿ ಐದನೇ ಮಹಡಿಯ ಸೀರಿಯಲ್ ಸೆಟ್ಟಿನ ಮನೆಯೂ ಒಂದು. ಎಲೆಕ್ಟ್ರಿಷಿಯನ್ ಬಂದು ಒಂಬತ್ತನ್ನೂ ಬದಲಾಯಿಸಿ ಹೋದರು.

ನರಕ ಚತುರ್ದಶಿಯ ರಾತ್ರಿ ಹತ್ತೂ ನಲವತ್ತಾದರೂ ಐದನೇ ಮಹಡಿಯ ದೀಪ ಉರಿಯುತ್ತಿತ್ತು. ತಟ್ಟಲು ಹೋದೆ. ಬಾಗಿಲ ಮುಂದೆ ನಾಲ್ಕನೇ ಮಹಡಿಯವರು ಆಗಲೇ ನಿಂತಿದ್ದರು, ಕೈಯಲ್ಲಿ ಕತ್ತರಿ ಇರಲಿಲ್ಲ. ಮನೆಯವರು ಊರಿಗೆ ಹೋಗಿದ್ದಾರೆ, ಟೈಮರ್ ಇಟ್ಟಿದ್ದಾರೆ, ಹನ್ನೊಂದಕ್ಕೆ ಇಟ್ಟುಬಿಟ್ಟಿದ್ದಾರೆ, ಫೋನ್ ಮಾಡಿ ಕೇಳಿದೆ, ಇನ್ನು ಇಪ್ಪತ್ತು ನಿಮಿಷ ಇರಲಿ ಬಿಡಿ ಮೇಡಂ ಎಂದರು. ಇಬ್ಬರೂ ಒಂದೇ ಲಿಫ್ಟಿನಲ್ಲಿ ಕೆಳಗಿಳಿದೆವು.

ಗೂಡುದೀಪ · ಅಕ್ಟೋಬರ್ 23, ಬೆಳಿಗ್ಗೆ 11.05

ನಕ್ಷತ್ರಕ್ಕೆ ಕೊಕ್ಕೆ ಹೊಡೆಯಲು ಡ್ರಿಲ್ಲಿಂಗ್ ಮೆಷಿನ್ ಬೇಕಿತ್ತು. ಭಾನುವಾರ ಡ್ರಿಲ್ ಮಾಡಬಹುದೇ? ನಮ್ಮ ಬೈಲಾದಲ್ಲಿ ಅದರ ಬಗ್ಗೆ ಒಂದೂವರೆ ಪುಟ ಇದೆ, ಅರ್ಥವಾಗುತ್ತಿಲ್ಲ.